ಸೈಟಿಗೊಂದು ಹಾವು

ಪ್ರಶ್ನೆ: ಬ್ರೆಜಿಲ್ ಹತ್ತಿರದ ಒಂದು ದ್ವೀಪದಲ್ಲಿ ಹೆಜ್ಜೆಗೊಂದು ವಿಷದ ಹಾವು ಇದೆಯಂತೆ, ಹೋದವರು ವಾಪಸ್ ಬರೋದಿಲ್ಲವಂತೆ. ನಿಜವೇ ಸಾರ್? ನಮ್ಮ ಶೇಂಗಾ ಹೊಲದ ಕೊಳಕುಮಂಡಲಕ್ಕೂ ಅದಕ್ಕೂ ನೆಂಟಸ್ತಿಕೆ ಇದೆಯೇ?
– ಓದುಗರೊಬ್ಬರು, ಚಳ್ಳಕೆರೆ

ಉತ್ತರ: ದ್ವೀಪ ನಿಜ, ಹಾವೂ ನಿಜ. ‘ಹೆಜ್ಜೆಗೊಂದು’ ಅನ್ನೋದು ಮಾತ್ರ ಸ್ವಲ್ಪ ಮಸಾಲೆ.

ದ್ವೀಪದ ಹೆಸರು ಕೇಮಾಡಾ ಗ್ರಾಂಡೆ. ಸಾವೊ ಪೌಲೊ ಕರಾವಳಿಯಿಂದ ಸುಮಾರು 35 ಕಿ.ಮೀ. ದೂರ. ಒಟ್ಟು 43 ಹೆಕ್ಟೇರ್, ಅಂದರೆ 106 ಎಕರೆ. ಹಾವಿನ ಹೆಸರು ಗೋಲ್ಡನ್ ಲ್ಯಾನ್ಸ್‌ಹೆಡ್. ಹಣ್ಣೆಲೆಯಂಥ ಹಳದಿ ಮೈ, ಭರ್ಜಿಯ ಮೊನೆಯಂಥ ತಲೆ. ಲೋಕದಲ್ಲಿ ಬೇರೆಲ್ಲೂ ಕಾಡಿನಲ್ಲಿ ಸಿಗೋದಿಲ್ಲ. ಇರೋದು 2,000ದಿಂದ 4,000 ಎಂದು ಅಂದಾಜು. ದಾವಣಗೆರೆಯಲ್ಲಿ ಕೂತು ಲೆಕ್ಕ ಹಾಕಿದೆ: ಜಾಸ್ತಿ ಅಂದರೂ 30×40 ಅಡಿಯ ಒಂದು ಸೈಟಿಗೆ ಒಂದು ಹಾವು. ಅದೇನೂ ಕಡಿಮೆ ಅಲ್ಲ ಬಿಡಿ!

ಸುಮಾರು 11,000 ವರ್ಷಗಳ ಹಿಂದೆ ಸಮುದ್ರ ಏರಿತು, ಗುಡ್ಡದ ತುದಿ ದ್ವೀಪವಾಯಿತು, ಮೇಲಿದ್ದ ಹಾವುಗಳು ಅಲ್ಲೇ ಉಳಿದವು. ಅಲ್ಲಿ ಇಲಿಗಳಿಲ್ಲ. ಹಾಗಾಗಿ ದೊಡ್ಡ ಹಾವುಗಳು ಮರ ಹತ್ತಿ ವಲಸೆ ಹಕ್ಕಿಗಳಿಗೆ ಕಾಯುತ್ತವೆ. ನಮ್ಮ ಮಂಡಲ ಇಲಿಯನ್ನು ಕಚ್ಚಿ ಬಿಟ್ಟು, ಆಮೇಲೆ ವಾಸನೆ ಹಿಡಿದು ಹೋಗುತ್ತದೆ. ಹಕ್ಕಿಗೆ ಹಾಗೆ ಮಾಡಿದರೆ ಅದು ಹಾರಿಹೋಗಿ ಸಮುದ್ರಕ್ಕೆ ಬಿದ್ದೀತು. ಅದಕ್ಕೇ ಈ ಹಾವು ಕಚ್ಚಿದ ಹಕ್ಕಿಯನ್ನು ಬಾಯಲ್ಲೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹಕ್ಕಿಗಳ ಮೇಲೆ ಇದರ ವಿಷವೂ ಬೇಗ ಕೆಲಸ ಮಾಡುತ್ತದೆ.

ಹೋದವರು ಬರೋದಿಲ್ಲ ಅನ್ನೋದು ಕಟ್ಟುಕಥೆ. ಇದು ಮನುಷ್ಯನನ್ನು ಕಚ್ಚಿದ ಅಧಿಕೃತ ದಾಖಲೆಯೇ ಇಲ್ಲ. ಇರೋದಾದರೂ ಹೇಗೆ? ಅಲ್ಲಿ ಯಾರೂ ವಾಸವಿಲ್ಲ. ಸರ್ಕಾರದ ಅನುಮತಿ ಪಡೆದ ವಿಜ್ಞಾನಿಗಳು, ದೀಪಸ್ತಂಭ ನೋಡಿಕೊಳ್ಳುವ ನೌಕಾಪಡೆಯವರು ಬಿಟ್ಟರೆ ಕಾಲಿಡುವ ಹಾಗಿಲ್ಲ. ಹಾಗೆ ನೋಡಿದರೆ ಹಾವೇ ಮನುಷ್ಯನಿಗೆ ಹೆದರಬೇಕು. ಕದ್ದು ಹಿಡಿದು ಮಾರುವವರಿದ್ದಾರೆ, ಜಾತಿಯೇ ಅಳಿವಿನ ಅಂಚಿನಲ್ಲಿದೆ.

ನೆಂಟಸ್ತಿಕೆ ಇದೆ, ದೂರದ್ದು. ಇದರ ಕಣ್ಣಿಗೂ ಮೂಗಿಗೂ ನಡುವೆ ಬಿಸಿ ಗುರುತಿಸುವ ಗುಳಿ ಇದೆ. ಕೊಳಕುಮಂಡಲಕ್ಕೆ ಅದಿಲ್ಲ. ಹತ್ತಿರದ ನೆಂಟ ಬೇಕಾದರೆ ಮಲೆನಾಡಿನ ಗುಳಿಮಂಡಲ. ಆದರೆ ನಾನು ಹೆದರಿದ್ದು ನಿಮ್ಮ ಹೊಲದ್ದಕ್ಕೇ. ಹುಡುಗನಾಗಿದ್ದಾಗ ಜಗಳೂರು ಕಡೆ ಹೊಲದಲ್ಲಿ ಶೇಂಗಾ ಬಳ್ಳಿ ಒಟ್ಟುತ್ತಿದ್ದೆ. ತೋಳ್ತುಂಬ ಬಳ್ಳಿ ಎತ್ತಿದಾಗ ಅಡಿಯಿಂದ ಕುಕ್ಕರ್ ಆವಿ ಬಿಟ್ಟ ಹಾಗೆ ಉದ್ದಕ್ಕೆ ‘ಬುಸ್ಸ್‌’ ಅಂತ ಸದ್ದು. ಅಪ್ಪ ಅಂಗಿ ಕಾಲರ್ ಹಿಡಿದು ಎಳೆದ ರಭಸಕ್ಕೆ ಎರಡು ಗುಂಡಿ ಕಿತ್ತುಹೋದವು.

ಅಂದ ಹಾಗೆ, ದ್ವೀಪದ ಹಾವಿನ ದಾಯಾದಿಯೊಂದು ಬ್ರೆಜಿಲ್‌ನ ನೆಲದಲ್ಲಿದೆ, ಹೆಸರು ಜರರಾಕಾ. ಅದರ ವಿಷದ ಸಂಶೋಧನೆಯಿಂದಲೇ ಕ್ಯಾಪ್ಟೋಪ್ರಿಲ್ ಎಂಬ ಬಿಪಿ ಔಷಧಿ ಹುಟ್ಟಿತು. ನಾನು ದಿನಾ ಬೆಳಿಗ್ಗೆ ನುಂಗುವ ಮಾತ್ರೆಯ ಹೆಸರೂ ‘ಪ್ರಿಲ್’ ಅಂತಲೇ ಮುಗಿಯುತ್ತದೆ. ನಿಮ್ಮ ಮನೆಯ ಹಿರಿಯರ ಮಾತ್ರೆ ಪಟ್ಟಿಯನ್ನೂ ಒಮ್ಮೆ ತಿರುಗಿಸಿ ನೋಡಿ.