ರಕ್ಷಣಾ ಕಂಪನಿಯಲ್ಲಿ ಕೆಲಸಕ್ಕೆ ಸೇರುವುದು ತಪ್ಪಾ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ (ಇಸಿಇ) ಓದಿ ಐಟಿಯಲ್ಲಿದ್ದೀರಿ. ಬೆಂಗಳೂರಿನದೇ ಒಂದು ಡ್ರೋನ್ ಕಂಪನಿ ಆಫರ್ ಕೊಟ್ಟಿದೆ. ಆಕಾಶದಲ್ಲಿ ಸುತ್ತಾಡುತ್ತಾ ಗುರಿ ಹುಡುಕಿ, ಕೊನೆಗೆ ಅದರ ಮೇಲೇ ಬಿದ್ದು ಸಿಡಿಯುವ ಡ್ರೋನ್ ಅದು. ನಿಮ್ಮ ಕೆಲಸ ಅದರ ಕ್ಯಾಮೆರಾ ಸಾಫ್ಟ್‌ವೇರ್. ಸಂಬಳ ಈಗಿನದಕ್ಕಿಂತ ಜಾಸ್ತಿ. ಗೆಳೆಯರು "ದೇಶಸೇವೆ ಕಣೋ, ಕಣ್ಣು ಮುಚ್ಚಿ ಸೇರು" ಅಂದರು. ಅಮ್ಮ "ಜನರನ್ನು ಕೊಲ್ಲೋ ಸಾಮಾನು ಮಾಡಿ ಊಟ ಮಾಡೋದು ಬೇಡಪ್ಪ" ಅಂದರು. ಯಾರ ಮಾತು ಸರಿ ಅಂತ ಕೇಳಿದ್ದೀರಿ.

ನಾನು ಇದೇ ಕ್ಷೇತ್ರದವನು. ಮೊದಲು ಪೀಣ್ಯದ ಒಂದು ಮಷೀನ್ ಶಾಪ್‌ನಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತಿದ್ದೆ. ಈಗ ರಾಡಾರ್‌ಗೆ ಹೋಗುವ ಎಲೆಕ್ಟ್ರಾನಿಕ್ಸ್ ಕಡೆ ಇದ್ದೇನೆ. ಮನೆ ಬಾಡಿಗೆ, ಮಗಳ ಸ್ಕೂಲ್ ಫೀಸು ಎಲ್ಲ ಇಲ್ಲಿಂದಲೇ ಬರುವುದು. ಹಾಗಾಗಿ ನನ್ನ ಮಾತನ್ನು ಸ್ವಲ್ಪ ಅನುಮಾನದಿಂದಲೇ ಓದಿ.

ನನ್ನ ಅಭಿಪ್ರಾಯ ಇದು. ನೀವು ಮಾಡುವ ವಸ್ತು ಯಾವುದು ಅನ್ನುವುದಕ್ಕಿಂತ, ಅದು ಯಾರ ಕೈಗೆ ಹೋಗುತ್ತದೆ, ಕಡೇ ಗಳಿಗೆಯಲ್ಲಿ "ಬೇಡ, ನಿಲ್ಲಿಸು" ಅನ್ನಲು ಅಲ್ಲಿ ಒಬ್ಬ ಮನುಷ್ಯ ಇರುತ್ತಾನಾ ಅನ್ನುವುದು ದೊಡ್ಡ ಪ್ರಶ್ನೆ. ತೊಂದರೆ ಏನೆಂದರೆ, ಕೆಲಸ ಮಾಡುವವರಿಗೆ ಇದ್ಯಾವುದೂ ತಿಳಿಯದೇ ಈ ಉದ್ಯಮ ಆರಾಮಾಗಿ ನಡೆದುಹೋಗುತ್ತದೆ.

ಪೀಣ್ಯದಲ್ಲಿ ನಮಗೆ ಒಂದು ಡ್ರಾಯಿಂಗ್ ಬರುತ್ತಿತ್ತು. ಮೇಲೆ ಪಾರ್ಟ್ ನಂಬರ್, ರಿವಿಷನ್ ಅಕ್ಷರ, ಯಾವ ಅಲ್ಯೂಮಿನಿಯಂ, ಅಳತೆ ಎಷ್ಟು ಹೆಚ್ಚುಕಮ್ಮಿ ಆಗಬಹುದು (ಟಾಲರೆನ್ಸ್). ಅಷ್ಟೇ. ಇದು ಏನು, ಎಲ್ಲಿ ಕೂರುತ್ತದೆ ಅಂತ ಎಲ್ಲೂ ಬರೆದಿರುತ್ತಿರಲಿಲ್ಲ. ಅಳತೆ ನೋಡುವ ಯಂತ್ರಕ್ಕೆ ಸಿಎಂಎಂ ಅನ್ನುತ್ತಿದ್ದೆವು. ನಮ್ಮ ಬಾಯಲ್ಲಿ ಆ ಭಾಗ ಬರೀ "ಜಾಬ್". "ಆ ಜಾಬ್ ಸಿಎಂಎಂಗೆ ಹಾಕಿದ್ರಾ?" "ಹಾಕಿದೆ ಸಾರ್, ಬೋರ್ 12 ಮೈಕ್ರಾನ್ ಔಟ್." "ಹಾಗಾದ್ರೆ ಆ ಕಡೆ ಎತ್ತಿಡು." ಪಾಸಾದದ್ದು ಮೇಲ್ಮೈ ಗಟ್ಟಿ ಮಾಡುವ ಅನೊಡೈಸಿಂಗ್‌ಗೆ ಹೋಗಿ ಬರುತ್ತಿತ್ತು. ಒಂದೊಂದನ್ನೂ ಬಬಲ್ ಶೀಟಿನಲ್ಲಿ ಸುತ್ತಿ, ಡಬ್ಬಕ್ಕೆ ತುಂಬಿ, ಡೆಲಿವರಿ ಚಲನ್ ಹರಿದು ಕೊಟ್ಟರೆ ಮುಗಿಯಿತು. ಒಂದು ಸಲ ಹಾವೇರಿ ಕಡೆಯ ಆಪರೇಟರ್ ಹುಡುಗ "ಇದು ಏನಕ್ಕೆ ಸಾರ್?" ಅಂತ ಕೇಳಿದ. ಸೂಪರ್‌ವೈಸರ್ ತಲೆ ಎತ್ತದೆ "ಬಿಲ್ ಹಾಕೋದಕ್ಕೆ" ಅಂದರು. ಎಲ್ಲರೂ ನಕ್ಕೆವು.

ಗೊತ್ತಿಲ್ಲ ಅನ್ನುವ ಆ ಅನುಕೂಲ ನಿಮಗೆ ಸಿಗುವುದಿಲ್ಲ. ನಿಮ್ಮ ಕ್ಯಾಮೆರಾ ಏನನ್ನು ನೋಡುತ್ತದೆ, ಯಾಕೆ ನೋಡುತ್ತದೆ ಅಂತ ಸೇರುವ ಮೊದಲೇ ನಿಮಗೆ ಗೊತ್ತು.

ಮೊದಲು ಗೆಳೆಯರ ಮಾತಿಗೆ ಬರುತ್ತೇನೆ. ದೇಶ ಕಾಯಲು ಸಾಮಗ್ರಿ ಬೇಕು, ಅದನ್ನು ಯಾರಾದರೂ ಮಾಡಲೇಬೇಕು. ಇದರಲ್ಲಿ ನನಗೆ ತಕರಾರಿಲ್ಲ. ಬೆಂಗಳೂರಂತೂ ಇದರಲ್ಲೇ ಬೆಳೆದ ಊರು. ವಿಮಾನ ಮಾಡುವ ಎಚ್‌ಎಎಲ್ ಶುರುವಾದದ್ದು 1940ರಲ್ಲಿ, ಜಾಲಹಳ್ಳಿಯ ಎಲೆಕ್ಟ್ರಾನಿಕ್ಸ್ ಕಂಪನಿ ಬಿಇಎಲ್ 1954ರಲ್ಲಿ. ಆ ಕ್ವಾರ್ಟರ್ಸ್‌ಗಳಲ್ಲಿ ಬೆಳೆದು, ಆ ಸಂಬಳದಲ್ಲಿ ಓದಿದ ಎಷ್ಟೋ ಜನ ಇವತ್ತು ಐಟಿಯಲ್ಲಿ ಕೂತು ಯುದ್ಧ ತಪ್ಪು ಅಂತ ಪೋಸ್ಟ್ ಹಾಕುತ್ತಾರೆ. ಹಾಕಲಿ ಬಿಡಿ. ಆದರೆ ಜಾಲಹಳ್ಳಿಯಲ್ಲಿ ಮತಯಂತ್ರ ಮಾಡುವ ಕಂಪನಿಯೇ ರಾಡಾರೂ ಮಾಡುತ್ತದೆ. ಯುದ್ಧದ ಕೆಲಸ ಯಾವುದು, ಬೇರೆ ಕೆಲಸ ಯಾವುದು ಅನ್ನುವ ಗೆರೆ ಹೊರಗಿನಿಂದ ಕಂಡಷ್ಟು ಸ್ಪಷ್ಟವಾಗಿಲ್ಲ.

ಸ್ವಾತಿ ಅನ್ನುವ ರಾಡಾರ್ ಒಂದಿದೆ. ಸರ್ಕಾರದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಸಿ.ವಿ. ರಾಮನ್ ನಗರದ ಲ್ಯಾಬ್‌ನವರು ವಿನ್ಯಾಸ ಮಾಡಿದ್ದು, ಬಿಇಎಲ್ ತಯಾರಿಸುವುದು. ಶತ್ರುವಿನ ಫಿರಂಗಿ ಗುಂಡು ಗಾಳಿಯಲ್ಲಿರುವಾಗಲೇ ಅದರ ದಾರಿ ಹಿಡಿದು, ಅದು ಎಲ್ಲಿಂದ ಹೊರಟಿತು ಅಂತ ಲೆಕ್ಕ ಹಾಕಿ ಹೇಳುತ್ತದೆ. 1999ರ ಕಾರ್ಗಿಲ್ ಯುದ್ಧದಲ್ಲಿ ಇಂಥದ್ದರ ಕೊರತೆ ನಮ್ಮ ಸೇನೆಗೆ ಚೆನ್ನಾಗಿಯೇ ಬಿಸಿ ಮುಟ್ಟಿಸಿತು. ಕೇಳಿದರೆ ಇದು ಬರೀ ರಕ್ಷಣೆಯ ಸಾಮಾನು ಅನಿಸುತ್ತದೆ ಅಲ್ವಾ? ಆದರೆ ಅದು ಕೊಟ್ಟ ಜಾಗದ ಲೆಕ್ಕ ನೇರವಾಗಿ ನಮ್ಮ ಫಿರಂಗಿಗಳಿಗೆ ಹೋಗುತ್ತದೆ, ಅವು ಅಲ್ಲಿಗೆ ಗುಂಡು ಹಾರಿಸುತ್ತವೆ. "ನಾನು ರಾಡಾರ್‌ನವನು, ಬಾಂಬಿನವನಲ್ಲ" ಅಂತ ನಾನು ಹೇಳಿಕೊಂಡರೆ ಅದು ಅರ್ಧ ನಿಜ.

ಅದೇ ಸ್ವಾತಿಯನ್ನು ಆಮೇಲೆ ಆರ್ಮೇನಿಯಾ ಕೊಂಡುಕೊಂಡಿತು. ಆಗ ಅದಕ್ಕೆ ಅಜರ್‌ಬೈಜಾನ್ ಜೊತೆ ಜಗಳವಿತ್ತು. ಯಾರ ಪಕ್ಷ ಸರಿ ಅಂತ ನಾನು ಹೇಳುತ್ತಿಲ್ಲ. ಕಾರ್ಗಿಲ್ ನೆನಪಿಟ್ಟುಕೊಂಡು ಸೇರಿದ ಎಂಜಿನಿಯರ್‌ನ ಕೆಲಸ ಕಾಕಸಸ್ ಬೆಟ್ಟ ತಲುಪಿತು, ಅವನನ್ನು ಯಾರೂ ಒಂದು ಮಾತೂ ಕೇಳಲಿಲ್ಲ. ಕೇಳಬೇಕಾದ ನಿಯಮವೂ ಇಲ್ಲ.

ಇದು ಇನ್ನು ಮುಂದೆ ಜಾಸ್ತಿಯೇ ಆಗುತ್ತದೆ. 2013-14ರಲ್ಲಿ ಭಾರತದ ರಕ್ಷಣಾ ರಫ್ತು 686 ಕೋಟಿ ರೂಪಾಯಿ. 2024-25ರಲ್ಲಿ 23,622 ಕೋಟಿ. "ನಮ್ಮ ಸೈನ್ಯಕ್ಕೆ ಮಾಡುತ್ತಿದ್ದೇನೆ" ಅನ್ನುವ ಮಾತು ನಮ್ಮ ಅಪ್ಪಂದಿರ ಕಾಲದಲ್ಲಿ ಬಹುಮಟ್ಟಿಗೆ ನಿಜವಾಗಿತ್ತು. ಈಗ ಕೇಳಿ ತಿಳಿದುಕೊಳ್ಳಬೇಕು.

ಹಾಗಂತ ಕಟ್ಟುಪಾಡೇ ಇಲ್ಲ ಅಂತಲ್ಲ. ರಫ್ತಿಗೆ ನಿಯಂತ್ರಣವಿರುವ ಸಾಮಗ್ರಿಗಳ ಪಟ್ಟಿ ಒಂದಿದೆ, ಸ್ಕೋಮೆಟ್ ಅಂತ. ಅದರಲ್ಲಿರುವ ವಸ್ತು ಹೊರಗೆ ಕಳಿಸಲು ಸರ್ಕಾರದ ಅನುಮತಿ ಬೇಕು. ಕೊಂಡವರು ಇದನ್ನು ತಾವೇ ಬಳಸುತ್ತೇವೆ, ಬೇರೆಯವರಿಗೆ ದಾಟಿಸುವುದಿಲ್ಲ ಅಂತ ಬರೆದುಕೊಡಬೇಕು. ಆದರೆ ಯುದ್ಧಾಪರಾಧಕ್ಕೆ ಬಳಕೆಯಾಗುತ್ತದೆ ಅಂತ ಗೊತ್ತಿದ್ದರೆ ಮಾರಲೇಬಾರದು ಅನ್ನುವ ವಿಶ್ವಸಂಸ್ಥೆಯ ಶಸ್ತ್ರಾಸ್ತ್ರ ವ್ಯಾಪಾರ ಒಪ್ಪಂದಕ್ಕೆ ಭಾರತ ಸೇರಿಲ್ಲ. 2013ರಲ್ಲಿ ಅದು ಮತಕ್ಕೆ ಬಂದಾಗ ತಟಸ್ಥವಾಗಿ ಉಳಿಯಿತು. ಮಾರುವ ದೇಶಗಳ ಕಡೆಗೇ ಒಪ್ಪಂದ ವಾಲಿದೆ ಅನ್ನುವುದು ನಮ್ಮ ಸರ್ಕಾರದ ಆಕ್ಷೇಪವಾಗಿತ್ತು. ಆಗ ನಾವು ಹೆಚ್ಚಾಗಿ ಕೊಳ್ಳುವವರು. ಈಗ ಮಾರುವವರೂ ಆಗುತ್ತಿದ್ದೇವೆ, ಆ ಆಕ್ಷೇಪ ಎಷ್ಟು ದಿನ ನಡೆಯುತ್ತದೋ!

2023ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ವಿಶೇಷ ವರದಿಗಾರರು ಮ್ಯಾನ್ಮಾರ್‌ನ ಸೇನಾಡಳಿತಕ್ಕೆ ಸಾಮಗ್ರಿ ಎಲ್ಲಿಂದ ಬರುತ್ತಿದೆ ಅಂತ ವರದಿ ಕೊಟ್ಟರು. ರಷ್ಯಾ, ಚೀನಾ, ಸಿಂಗಪುರ, ಥಾಯ್ಲೆಂಡ್ ಜೊತೆ ಭಾರತದ ಹೆಸರೂ ಅದರಲ್ಲಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಇಸ್ರೇಲ್‌ಗೆ ಶಸ್ತ್ರ ರಫ್ತು ನಿಲ್ಲಿಸಬೇಕು ಅಂತ ಕೆಲವರು ಸುಪ್ರೀಂ ಕೋರ್ಟಿಗೆ ಹೋದರು. ವಿದೇಶಾಂಗ ನೀತಿಯಲ್ಲಿ ನಾವು ಕೈ ಹಾಕಲಾಗದು ಅಂತ ಕೋರ್ಟು ಅರ್ಜಿ ವಜಾ ಮಾಡಿತು. ಕೋರ್ಟಿನ ಮಿತಿ ನನಗೆ ಅರ್ಥವಾಗುತ್ತದೆ. ಆದರೆ ಅದರ ಫಲ ಏನು ನೋಡಿ: ಕಂಪನಿ ಸರ್ಕಾರದ ಕಡೆ ಕೈ ತೋರಿಸುತ್ತದೆ, ಕೋರ್ಟೂ ಸರ್ಕಾರದ ಕಡೆಯೇ ಕೈ ತೋರಿಸುತ್ತದೆ. ಅದೇ ವರ್ಷ ಫೆಬ್ರವರಿಯಲ್ಲಿ ಇಸ್ರೇಲ್‌ಗೆ ಹೋಗುವ ಶಸ್ತ್ರಗಳನ್ನು ಹಡಗಿಗೆ ತುಂಬುವುದಿಲ್ಲ ಅಂದವರು ನಮ್ಮ ಬಂದರು ಕಾರ್ಮಿಕರ ಒಂದು ಒಕ್ಕೂಟದವರು. ಹೊರೆ ಎತ್ತುವವರು ಈ ಪ್ರಶ್ನೆ ಕೇಳಿದರು. ಡಿಸೈನ್ ಮಾಡುವ ನಮ್ಮಂಥವರು ಕೇಳಿದ್ದು ಕಡಿಮೆ.

ಗಿರಾಕಿ ಅಂದ ತಕ್ಷಣ ಹೊರದೇಶವೇ ಆಗಬೇಕಿಲ್ಲ. 2024ರ ಫೆಬ್ರವರಿಯಲ್ಲೇ ಪಂಜಾಬ್-ಹರಿಯಾಣ ನಡುವಿನ ಶಂಭು ಗಡಿಯಲ್ಲಿ ಪ್ರತಿಭಟನೆಗೆ ಹೊರಟ ರೈತರ ಮೇಲೆ ಹರಿಯಾಣ ಪೊಲೀಸರು ಡ್ರೋನ್‌ನಿಂದ ಅಶ್ರುವಾಯು ಶೆಲ್ ಹಾಕಿದರು. ರೈತರು ಗಾಳಿಪಟ ಹಾರಿಸಿ ಆ ಡ್ರೋನ್‌ಗಳನ್ನು ಸಿಕ್ಕಿಸಲು ನೋಡಿದರು.

"ನಾನು ಮಾಡದಿದ್ದರೆ ಇನ್ನೊಬ್ಬ ಮಾಡುತ್ತಾನೆ" ಅಂತ ನಿಮ್ಮ ಒಬ್ಬ ಗೆಳೆಯ ಹೇಳಿದ್ದಾಗಿ ಬರೆದಿದ್ದೀರಿ. ಈ ಮಾತು ನನಗೆ ಹಿಡಿಸುವುದಿಲ್ಲ. ಲಂಚದ ಬಗ್ಗೆಯೂ ಹೀಗೇ ಹೇಳಬಹುದು. ಇಲ್ಲಿ ನನಗೆ ಜೋಸೆಫ್ ರಾಟ್‌ಬ್ಲಾಟ್ ನೆನಪಾಗುತ್ತಾರೆ. ಪೋಲೆಂಡ್‌ನಲ್ಲಿ ಹುಟ್ಟಿದ ಭೌತವಿಜ್ಞಾನಿ. ಹಿಟ್ಲರ್ ಮೊದಲು ಅಣುಬಾಂಬ್ ಮಾಡಿಬಿಟ್ಟರೆ ಅನ್ನುವ ಭಯಕ್ಕೆ ಅಮೆರಿಕದ ಬಾಂಬ್ ಯೋಜನೆ ಸೇರಿದರು. 1944ರ ಕೊನೆಗೆ, ಜರ್ಮನಿ ಆ ಪ್ರಯತ್ನವನ್ನೇ ಬಿಟ್ಟಿದೆ ಅಂತ ಗೊತ್ತಾಯಿತು. ರಾಟ್‌ಬ್ಲಾಟ್ ಗಂಟುಮೂಟೆ ಕಟ್ಟಿ ಹೊರಟುಬಿಟ್ಟರು. ಬಾಂಬ್ ನಿಲ್ಲಲಿಲ್ಲ, ಹಿರೋಶಿಮಾ ತಪ್ಪಲಿಲ್ಲ. ಆದರೆ ಯಾವ ಕಾರಣಕ್ಕೆ ಸೇರಿದ್ದರೋ ಆ ಕಾರಣ ಹೋದ ದಿನ ಅವರಿಗೆ ಅದು ಗೊತ್ತಾಯಿತು. ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ. ಪ್ರಮೋಷನ್, ಸೈಟಿನ ಸಾಲ, ಮಕ್ಕಳ ಸ್ಕೂಲು ಅಂತ ಹೊಸ ಕಾರಣಗಳು ಹಳೆಯದರ ಜಾಗದಲ್ಲಿ ಬಂದು ಕೂತಿರುತ್ತವೆ. ಅದಕ್ಕೇ ಹೇಳುವುದು, ಯಾಕೆ ಸೇರುತ್ತಿದ್ದೀರಿ ಅಂತ ಇವತ್ತೇ ಎರಡು ಸಾಲು ಬರೆದಿಡಿ. "ಸಂಬಳಕ್ಕೆ" ಅಂತಲೇ ಬರೆದರೂ ಪರವಾಗಿಲ್ಲ.

ಇನ್ನು ಅಮ್ಮನ ಮಾತು. ಅದನ್ನು ಹಳೇ ಕಾಲದವರ ಮಾತು ಅಂತ ತಳ್ಳಬೇಡಿ. ಉಪಾಸಕರು, ಅಂದರೆ ಮನೆವಾಳ್ತನ ಮಾಡಿಕೊಂಡಿರುವ ಬೌದ್ಧರು, ಮಾಡಬಾರದ ವ್ಯಾಪಾರಗಳಲ್ಲಿ ಆಯುಧದ ವ್ಯಾಪಾರವನ್ನು ಬೌದ್ಧ ಗ್ರಂಥಗಳು ಬಹಳ ಹಿಂದೆಯೇ ಹೆಸರಿಸಿದ್ದವು. ಆದರೆ ಅದೇ ಅಹಿಂಸೆಯ ಪರಂಪರೆಯ ಇನ್ನೊಂದು ಮುಖವೂ ನಮ್ಮಲ್ಲೇ ಇದೆ: ಶ್ರವಣಬೆಳಗೊಳದಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ಸೇನಾಪತಿ. ಜೈನನೂ ಹೌದು, ಯುದ್ಧ ಗೆದ್ದವನೂ ಹೌದು. ನಿಮ್ಮ ಮನೆಯಲ್ಲಿ ನಡೆಯುತ್ತಿರುವ ವಾದ ಈ ನೆಲದಲ್ಲಿ ಸಾವಿರ ವರ್ಷ ಹಳೆಯದು, ಅವಸರದಲ್ಲಿ ಮುಗಿಸಬೇಕಿಲ್ಲ.

ನನಗೆ ನಾನೇ ಹಾಕಿಕೊಂಡ ಗೆರೆ ಒಂದಿದೆ. ಎದುರಿಗಿರುವುದು ಯಾರು ಅಂತ ನೋಡದೆ ಸಿಡಿಯುವ ವಸ್ತುವಿನ ಕೆಲಸ ಮಾಡುವುದಿಲ್ಲ. ಇದಕ್ಕೆ ಕಾರಣ ನೆಲಬಾಂಬು. 2001ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮೇಲೆ ದಾಳಿಯಾದ ಮೇಲೆ ಪಶ್ಚಿಮ ಗಡಿಯುದ್ದಕ್ಕೂ ಸೇನೆ ನೆಲಬಾಂಬು ಹುಗಿಯಿತು. ಯುದ್ಧ ಆಗಲೇ ಇಲ್ಲ. ಆದರೆ ಪಂಜಾಬ್, ರಾಜಸ್ಥಾನದ ಹೊಲಗಳಲ್ಲಿ ರೈತರ ಕಾಲು ಹೋದವು, ದನಗಳು ಸತ್ತವು, ತೆಗೆಯಲು ಹೋದ ಸೈನಿಕರೂ ಸತ್ತರು. ಬಾಂಬಿಗೆ ನಮ್ಮವರು ಯಾರು, ಶತ್ರು ಯಾರು ಅಂತ ಗೊತ್ತಾಗುವುದಿಲ್ಲ. 1997ರ ನೆಲಬಾಂಬು ನಿಷೇಧ ಒಪ್ಪಂದಕ್ಕೂ, 2008ರ ಕ್ಲಸ್ಟರ್ ಬಾಂಬ್ ಒಪ್ಪಂದಕ್ಕೂ ಭಾರತ ಸೇರಿಲ್ಲ, ಹಾಗಾಗಿ ಕಾನೂನು ನನ್ನನ್ನು ತಡೆಯುವುದಿಲ್ಲ. ಬಾಂಬು ಸಿಡಿಸುವ ಫ್ಯೂಸ್ ಮಾಡುವ ಕಡೆಯಿಂದ ಒಮ್ಮೆ ಕರೆ ಬಂದಿತ್ತು, ಹೋಗಲಿಲ್ಲ. ಆ ಕೆಲಸಕ್ಕೆ ನನ್ನ ಸಹೋದ್ಯೋಗಿ ಹೋದ. ಅವನು ನನಗಿಂತ ಕೆಟ್ಟವನೇನಲ್ಲ. ಇವತ್ತಿಗೂ ಹಬ್ಬಕ್ಕೆ ಮನೆಗೆ ಬರುತ್ತಾನೆ.

ಈ ಗೆರೆಯನ್ನು ನಿಮ್ಮ ಡ್ರೋನ್ ಮೇಲೆ ಇಟ್ಟು ನೋಡೋಣ. ಸುತ್ತಾಡಿ ಬೀಳುವ ಡ್ರೋನ್‌ನಲ್ಲಿ ನಿಜವಾಗಿ ಒಂದು ಒಳ್ಳೆಯ ಗುಣ ಇರಬಹುದು. ಹಾರಿಸಿದ ಮೇಲೂ ಆಪರೇಟರ್ ಪರದೆಯಲ್ಲಿ ನೋಡುತ್ತಿರುತ್ತಾನೆ, ಮಗು ಅಡ್ಡ ಬಂದರೆ ತಿರುಗಿಸಿಬಿಡಬಹುದು. ಹಾರಿದ ಫಿರಂಗಿ ಗುಂಡನ್ನು ಯಾರೂ ಹಿಂದಕ್ಕೆ ಕರೆಯಲಾಗದು. ಆದರೆ ಸಿಗ್ನಲ್ ಜಾಮ್ ಆದಾಗ? ಆಗ ಡ್ರೋನ್ ತಾನೇ ನಿರ್ಧರಿಸುತ್ತದಾ, ಅಥವಾ ಬಿಟ್ಟು ಬರುತ್ತದಾ? ಆ ನಿರ್ಧಾರ ಬರೆಯುವವರು ಬಹುಶಃ ನೀವೇ. ಟ್ರೇಲರ್ ಎಳೆಯುವ ಟ್ರ್ಯಾಕ್ಟರನ್ನು ಸೈನ್ಯದ ಟ್ರಕ್ ಅಂತ ನಿಮ್ಮ ಮಾಡೆಲ್ ಗುರುತಿಸಿತು ಅಂದುಕೊಳ್ಳಿ. ಐಟಿಯಲ್ಲಾದರೆ ಒಂದು ಟಿಕೆಟ್ ಏಳುತ್ತದೆ, ಸೋಮವಾರ ಪ್ಯಾಚ್ ಹೋಗುತ್ತದೆ. ಇಲ್ಲಿ ಆ ಟ್ರೇಲರ್‌ನಲ್ಲಿ ಮದುವೆ ದಿಬ್ಬಣ ಇರಬಹುದು. ನೂರಕ್ಕೆ ಎಷ್ಟು ಸಲ ಸರಿ ಅನ್ನುವ ಒಂದೇ ನಂಬರು ಸ್ಲೈಡ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಯಾವ ತಪ್ಪು ಮಾಡಿತು, ಖಾತ್ರಿ ಇಲ್ಲದಾಗ "ಗೊತ್ತಿಲ್ಲ" ಅಂತ ಹೇಳಲು ಅದಕ್ಕೆ ಬರುತ್ತದಾ ಅಂತ ಕೇಳುವವರು ತಂಡದಲ್ಲಿ ಒಬ್ಬರಾದರೂ ಬೇಕು. ಇಂಥವರು ಒಳಗಿದ್ದರೆ ಒಳ್ಳೆಯದೇ ಅಂತ ನಾನು ಪ್ರಾಮಾಣಿಕವಾಗಿ ನಂಬುತ್ತೇನೆ.

ಹಾಗಾಗಿ ಸೇರುವ ಮೊದಲು ಎಚ್‌ಆರ್ ಅಲ್ಲ, ನಿಮ್ಮ ಟೆಕ್ನಿಕಲ್ ಮ್ಯಾನೇಜರ್ ಹತ್ತಿರ ಮಾತಾಡಿ. ಆಪರೇಟರ್ ಕೊನೇ ಎಷ್ಟು ಸೆಕೆಂಡಿನವರೆಗೆ ನಿಲ್ಲಿಸಬಹುದು, ಲಿಂಕ್ ಹೋದರೆ ಏನಾಗುತ್ತದೆ, ಹೊರದೇಶದ ಗಿರಾಕಿಗಳಿದ್ದಾರಾ, ಒಂದು ಪ್ರಾಜೆಕ್ಟ್ ಬೇಡ ಅಂದರೆ ಇನ್ನೊಂದಕ್ಕೆ ಹಾಕುತ್ತಾರಾ ಅಂತ ಕೇಳಿ. "ಗೌಪ್ಯ, ಈಗ ಹೇಳಲಾಗದು" ಅಂದರೆ ಅದು ನ್ಯಾಯವಾದ ಉತ್ತರ. ನಕ್ಕು, "ಅದೆಲ್ಲ ನಿಮಗ್ಯಾಕೆ, ಕೋಡ್ ಬರೀರಿ ಸಾಕು" ಅಂದರೆ ಅಲ್ಲಿಂದ ಎದ್ದು ಬನ್ನಿ. ನಾನಾಗಿದ್ದರೆ, ಲಿಂಕ್ ಹೋದಾಗ ಡ್ರೋನ್ ದಾಳಿ ಕೈಬಿಡುತ್ತದೆ ಅಂದರೆ, ಗಿರಾಕಿ ನಮ್ಮ ಸೇನೆ ಅಂದರೆ ಸೇರುತ್ತಿದ್ದೆ. ಎರಡರಲ್ಲಿ ಒಂದು ಇಲ್ಲ ಅಂದರೂ ಇಲ್ಲ.

ಇದರ ಜೊತೆಗೇ ಒಂದು ಮಾತು. ನಿಮ್ಮ ಡ್ರೋನ್ ಹಾರಿಸಿ ನೋಡುವುದು ಚಳ್ಳಕೆರೆ ಕಡೆ ಆಗಿರಬಹುದು. ಅಲ್ಲಿ ಡಿಆರ್‌ಡಿಒ ಮತ್ತು ಇತರ ಸಂಸ್ಥೆಗಳಿಗೆ ಕೊಟ್ಟದ್ದು ಅಮೃತಮಹಲ್ ಕಾವಲಿನ ಹುಲ್ಲುಗಾವಲು. ಕುರಿ ದನ ಮೇಯಿಸುತ್ತಿದ್ದವರು ಬೇಲಿ ಎದ್ದ ಮೇಲೆ ಪರಿಸರದ ಮೊಕದ್ದಮೆ ನೋಡುವ ಹಸಿರು ಪೀಠದವರೆಗೂ ಹೋಗಿದ್ದರು. ಯಾರೂ ಸಾಯದೆಯೂ ಈ ಉದ್ಯಮದ ಬೆಲೆ ತೆರುವವರು ಇರುತ್ತಾರೆ. ಟೆಸ್ಟಿಂಗ್‌ಗೆ ಹೋದಾಗ ಗೇಟಿನ ಹೊರಗೂ ಒಂದು ಸುತ್ತು ಹಾಕಿ ಬನ್ನಿ.

ಕಡೆಯದಾಗಿ ಒಂದು ವ್ಯವಹಾರದ ಸಂಗತಿ, ಇದನ್ನು ಯಾರೂ ಹೇಳುವುದಿಲ್ಲ. 2018ರಲ್ಲಿ ಅಮೆರಿಕದ ಸೇನೆಯ ಡ್ರೋನ್ ವಿಡಿಯೊ ಯೋಜನೆ ಬೇಡ ಅಂತ ಗೂಗಲ್‌ನ ಸಾವಿರಾರು ಜನ ಸಹಿ ಹಾಕಿದರು, ಕಂಪನಿ ಆ ಗುತ್ತಿಗೆ ಮುಂದುವರಿಸಲಿಲ್ಲ. ನೀವು ಒಳಗಿದ್ದು ಹಾಗೆ ಬಹಿರಂಗವಾಗಿ ಮಾಡಲಾಗದು. ಗೌಪ್ಯತೆಯ ಕರಾರು ಇರುತ್ತದೆ, ಅದರ ಮೇಲೆ 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇದೆ. ನಿಮಗೆ ಉಳಿಯುವುದು ಕೆಲಸ ಬಿಡುವ ದಾರಿ ಒಂದೇ. ಆ ದಾರಿಯನ್ನು ಈಗಲೇ ಅಗಲ ಮಾಡಿಟ್ಟುಕೊಳ್ಳಿ. ಇಷ್ಟು ವರ್ಷ ಬಿಡುವುದಿಲ್ಲ ಅನ್ನುವ ಬಾಂಡ್ ಕೇಳಿದರೆ ಸಹಿ ಹಾಕಬೇಡಿ. ನೋಟಿಸ್ ಮೂರು ತಿಂಗಳಿದ್ದರೆ ಮಾತಾಡಿ ಇಳಿಸಿಕೊಳ್ಳಿ. ಮಾಡಿದ ಪ್ರಾಜೆಕ್ಟ್ ಬಗ್ಗೆ ರೆಸ್ಯೂಮೆಯಲ್ಲಿ ಹೆಚ್ಚು ಬರೆಯಲಾಗದು, ಅದಕ್ಕೇ ಕ್ಯಾಮೆರಾ ಮತ್ತು ವಿಷನ್ ಕೆಲಸದ ಪರಿಚಯ ಹೊರಗೂ ಉಳಿಸಿಕೊಂಡಿರಿ. ಬೆಳೆ ಸರ್ವೆ, ಗಣಿ ಸರ್ವೆ ಮಾಡುವ ಡ್ರೋನ್ ಕಂಪನಿಗಳೂ ಇವೆ. ಸಂಬಳ ಕಡಿಮೆ ಇರಬಹುದು. ಸಹಿ ಹಾಕುವ ಮೊದಲು ಅಂಥ ಒಂದೆರಡು ಕಡೆ ಅರ್ಜಿ ಹಾಕಿ ನೋಡಿ.