ಕೈಯಲ್ಲೂ ಹಾರಿಸಲಿ, ದಿನ ನೋಡಿ

(ಡೊಂಬಿವಲಿಯ ಹಿರಿಯ ಓದುಗರೊಬ್ಬರ ಪತ್ರ: "ಮಂಗಳೂರಿಂದ ಮುಂಬಯಿಗೆ ಬರುವಾಗ ಪಕ್ಕದಲ್ಲಿ ಪೈಲಟ್ ತರಬೇತಿಯ ಹುಡುಗನೊಬ್ಬ ಕೂತಿದ್ದ. ಹೆಚ್ಚು ಹೊತ್ತು ಆಟೋಪೈಲಟ್ಟೇ ಹಾರಿಸೋದು, ಕೈ ಮರೆಯದಿರಲಿ ಅಂತ ಕೆಲವರು ಅದನ್ನು ಆಫ್ ಮಾಡ್ತಾರೆ ಎಂದ. ನಮ್ಮನ್ನು ಕೂರಿಸಿಕೊಂಡು ಪ್ರಾಕ್ಟೀಸೇ? ಸಿಮ್ಯುಲೇಟರ್ ಇಲ್ವಾ?")

ಹಿರಿಯರೇ, ನಮಸ್ಕಾರ.

ನಿಮ್ಮ ಇನ್‌ಲ್ಯಾಂಡ್ ಪತ್ರಕ್ಕೆ ಕೈಯಲ್ಲೇ ಉತ್ತರ ಬರೆಯೋಣ ಅಂತ ಪೆನ್ನು ಹಿಡಿದೆ. ಕಂಪ್ಯೂಟರ್ ಕುಟ್ಟಿ ಕುಟ್ಟಿ ವರ್ಷಗಳಾದವು ನೋಡಿ, ಎರಡನೇ ಸಾಲಿಗೇ 'ಣ' ಬರೆಯಲು ಕೈ ತಡವರಿಸಿತು. ಹರಿದು ಹಾಕಿ ಟೈಪ್ ಮಾಡುತ್ತಿದ್ದೇನೆ.

ನನ್ನ 'ಣ' ಕೆಟ್ಟರೆ ಯಾರಿಗೂ ಏನೂ ಆಗದು. ಪೈಲಟ್ ಕೈ ಮರೆತರೆ ಹಾಗಲ್ಲ. 2009ರ ಜೂನ್ 1ರಂದು ರಿಯೋದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ 447ರಲ್ಲಿ ವೇಗ ಅಳೆಯುವ ಕೊಳವೆಗಳಿಗೆ ಹಿಮದ ಹರಳು ಕಟ್ಟಿತು. ಆಟೋಪೈಲಟ್ ಕೈಬಿಟ್ಟಿತು. ವಿಮಾನ ಗಟ್ಟಿಯಾಗಿಯೇ ಇತ್ತು. ಪೈಲಟ್ ಮೂತಿಯನ್ನು ಮೇಲೆತ್ತುತ್ತಲೇ ಹೋದರು, ರೆಕ್ಕೆಗೆ ಎತ್ತುವ ಬಲ ಉಳಿಯಲಿಲ್ಲ. ನಾಲ್ಕೂವರೆ ನಿಮಿಷದೊಳಗೆ ಸಮುದ್ರ. 228 ಜನ.

2013ರ ಜನವರಿಯಲ್ಲಿ ಅಮೆರಿಕದ ವಿಮಾನಯಾನ ಇಲಾಖೆಯೇ ಕಂಪನಿಗಳಿಗೆ ಹೇಳಿತು: ಸಂದರ್ಭ ನೋಡಿ ಕೈಯಲ್ಲಿ ಹಾರಿಸಲು ಬಿಡಿ. ಅದೇ ಜುಲೈಯಲ್ಲಿ, ಶುಭ್ರ ಆಕಾಶದ ದಿನ, ಕೊರಿಯಾದ ಏಷ್ಯಾನಾ 214 ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರನ್‌ವೇಗೆ ಮೊದಲೇ ಸಿಗುವ ಸಮುದ್ರದ ಗೋಡೆಗೆ ಬಡಿಯಿತು. ಇಳಿಜಾರು ತೋರಿಸುವ ರೇಡಿಯೊ ಸಂಕೇತ ಅಂದು ಬಂದ್ ಇತ್ತು, ಕಣ್ಣಳತೆಯಲ್ಲೇ ಇಳಿಸಬೇಕಿತ್ತು. ವೇಗವನ್ನು ಯಂತ್ರ ನೋಡಿಕೊಳ್ಳುತ್ತಿದೆ ಅಂತ ಪೈಲಟ್‌ಗಳು ಅಂದುಕೊಂಡಿದ್ದರು. ಅದು ನೋಡಿಕೊಳ್ಳುತ್ತಿರಲಿಲ್ಲ.

ಸಿಮ್ಯುಲೇಟರ್, ಅಂದರೆ ನೆಲದ ಮೇಲೇ ಹಾರಾಟ ಕಲಿಸುವ ನಕಲಿ ಕಾಕ್‌ಪಿಟ್, ಇದೆ. ಆದರೆ ಅಲ್ಲಿಯ ಹೊತ್ತು ಜಾಸ್ತಿ ಹೋಗುವುದು ಇಂಜಿನ್ ಕೆಟ್ಟರೆ, ಬೆಂಕಿ ಬಿದ್ದರೆ ಎಂಬ ತಾಲೀಮಿಗೆ. ಸುಮ್ನೆ ನೆಟ್ಟಗೆ ಹಾರಿಸಿ ಇಳಿಸುವುದಕ್ಕೆ ಅಲ್ಲಿ ಪುರುಸೊತ್ತು ಕಡಿಮೆ.

ಹಾಗಂತ ಯಾವಾಗ ಬೇಕಾದರೂ ಆಫ್ ಮಾಡುವಂತಿಲ್ಲ. 29,000ದಿಂದ 41,000 ಅಡಿಯವರೆಗೆ ವಿಮಾನಗಳ ನಡುವಿನ ಎತ್ತರದ ಅಂತರ ಬರೀ 1,000 ಅಡಿ. ಅಲ್ಲಿ ಎತ್ತರ ಕಾಯುವ ಕೆಲಸ ಯಂತ್ರದ್ದೇ. ಮುಂಬಯಿಯ ಮಳೆಗಾಲವೂ ಅಭ್ಯಾಸಕ್ಕಲ್ಲ. ಘಾಟ್ಕೋಪರ್‌ನ ನಮ್ಮ ಗಚ್ಚಿಯ ಮೇಲಿಂದ ನೋಡುತ್ತೇನಲ್ಲ, ಜುಲೈಯಲ್ಲಿ ಇಳಿಯುವ ವಿಮಾನಗಳು ಮೋಡದಿಂದ ರೆಕ್ಕೆ ತೂಗಾಡಿಸುತ್ತಲೇ ಹೊರಬರುತ್ತವೆ. ಒಬ್ಬರು ಕೈಯಲ್ಲಿ ಹಾರಿಸಿದರೆ ಇನ್ನೊಬ್ಬರಿಗೆ ರೇಡಿಯೊ, ಚಕ್ರ, ರೆಕ್ಕೆಯ ಫ್ಲಾಪ್, ಜೊತೆಗೆ ಮೊದಲಿನವರ ಮೇಲೂ ಒಂದು ಕಣ್ಣು. ಅಂಥ ದಿನ ಕೆಲಸ ಹೆಚ್ಚಿಸಿಕೊಳ್ಳುವುದು ಜಾಣತನವಲ್ಲ, ಅಲ್ವಾ?

ಜನವರಿಯ ತಿಳಿ ಬೆಳಿಗ್ಗೆ, ದಟ್ಟಣೆ ಇಲ್ಲದ ಊರಿಗೆ ಇಳಿಯುವಾಗ ಧಾರಾಳ ಮಾಡಲಿ. ನಾನೇ ಒಳಗೆ ಕೂತಿದ್ದರೂ ಸೈ.

ಆ ಹುಡುಗ ಮತ್ತೆ ಸಿಕ್ಕರೆ ಯಾವ ದಿನ ಆಫ್ ಮಾಡ್ತೀಯಪ್ಪ ಅಂತ ಕೇಳಿ. ಜುಲೈ ಅಂದರೆ ನನಗೊಂದು ಪತ್ರ ಹಾಕಿ.

– ಸಂಪಾದಕ