ಮುದ್ದೆ ಬಿಟ್ಟಿದ್ದು ಡಾಕ್ಟರಿಗೆ ಗೊತ್ತಾ?

ಇದು ನನ್ನ ಹತ್ತಿರ ಆಪ್ತಸಲಹೆಗೆ ಬಂದ ಒಂದು ಮನೆಯವರ ಕಥೆ. ಹೆಸರು, ಕೆಲಸ, ಬಡಾವಣೆ ಎಲ್ಲ ಬದಲಿಸಿದ್ದೇನೆ. ಆ ಮನೆಯವರು ಓದಿ ಒಪ್ಪಿದ ಮೇಲೇ ಇದನ್ನು ಹಾಕುತ್ತಿದ್ದೇನೆ. ಇಂಥವರು ಈಗ ಜಾಸ್ತಿ ಬರುತ್ತಿದ್ದಾರೆ. ಗಂಡ ಹೆಂಡತಿಗೆ ಆಗಿಬರುತ್ತಿಲ್ಲ ಅಂತಲೋ, ಅಪ್ಪ ಮಗಳು ಮಾತು ಬಿಟ್ಟಿದ್ದಾರೆ ಅಂತಲೋ ಬಂದು ಕೂರುತ್ತಾರೆ. ಸ್ವಲ್ಪ ಕೆದಕಿದರೆ ಜಗಳ ಶುರುವಾಗಿದ್ದು ಊಟದ ತಟ್ಟೆಯಿಂದ ಅಂತ ಗೊತ್ತಾಗುತ್ತದೆ.

ಇವರು ಮಂಡ್ಯ ಕಡೆಯವರು. ಮೈಸೂರಿಗೆ ಬಂದು ನೆಲೆಸಿದ್ದಾರೆ. ಅಪ್ಪನಿಗೆ ಐವತ್ತರ ಹತ್ತಿರ ವಯಸ್ಸು, ಶುಗರ್ ಇದೆ. ಅವರ ಅಣ್ಣನಿಗೆ ಶುಗರ್‌ನಿಂದ ಗಾಯ ಮಾಯದೆ ಕಾಲಿನ ಬೆರಳು ತೆಗೆದಿದ್ದರು. ಅದನ್ನು ನೋಡಿ ಬಂದವರೇ ಫೋನಿನಲ್ಲಿ ಒಂದಾದ ಮೇಲೊಂದು ವಿಡಿಯೊ ನೋಡಿ, ಲೋ ಕಾರ್ಬ್ ಡಯಟ್ ಅಂತ, ಅಂದರೆ ಪಿಷ್ಟ, ಸಕ್ಕರೆಯಂಥ ಕಾರ್ಬೋಹೈಡ್ರೇಟ್ ಕಡಿಮೆ ಇರುವ ಊಟ ಅಂತ, ಮುದ್ದೆ, ಅನ್ನ ಎರಡನ್ನೂ ಬಿಟ್ಟರು. ಬೆಳಿಗ್ಗೆ ಮೊಟ್ಟೆ, ಮಧ್ಯಾಹ್ನ ಕೋಳಿ, ರಾತ್ರಿ ಮಟನ್. ಮಗಳು ಬೆಂಗಳೂರಿನ ಹಾಸ್ಟೆಲ್‌ನಿಂದ ವೀಗನ್ ಆಗಿ ಬಂದಳು. ಹಾಲು, ಮೊಸರು, ತುಪ್ಪ ಯಾವುದೂ ಬೇಡ. ಇಬ್ಬರಿಗೂ ಅಡುಗೆ ಮಾಡುವುದು ಅಮ್ಮ. ಯಾವುದು ಯಾವುದಕ್ಕೆ ಮುಟ್ಟಿಬಿಡುತ್ತೋ ಅಂತ ಕೋಳಿ ಸಾರಿನ ಸೌಟಿಗೆ ಕೆಂಪು ದಾರ ಕಟ್ಟಿಟ್ಟಿದ್ದರಂತೆ.

ಮೊದಲು ಬಂದಾಗ ಅಮ್ಮ ಒಬ್ಬರೇ ಬಂದಿದ್ದರು, ನಿದ್ದೆ ಬರಲ್ಲ ಅಂತ. ಮೂವರನ್ನೂ ಒಟ್ಟಿಗೆ ಕರೆಯಿರಿ ಅಂದೆ. ನಾನು ಬರೆಯಬೇಕು ಅಂದುಕೊಂಡಿದ್ದು ಆ ಒಂದು ದಿನದ ಬಗ್ಗೆ.

ಮಗಳು ಪೂರ್ತಿ ತಯಾರಾಗಿ ಬಂದಿದ್ದಳು. "ಸಾಸೇಜು, ಬೇಕನ್ ಥರದ ಸಂಸ್ಕರಿಸಿದ ಮಾಂಸ ಕ್ಯಾನ್ಸರ್ ತರುತ್ತೆ ಅಂತ 2015ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿದೆ. ಕೆಂಪು ಮಾಂಸನೂ ತರಬಹುದು ಅಂದಿದೆ. ಅಪ್ಪ ಕೇಳಲ್ಲ" ಅಂದಳು. ಅಪ್ಪನೂ ಬಿಡಲಿಲ್ಲ. "ನಮ್ಮ ಕಡೆ ಬಾಡೂಟ ಇಲ್ಲದೆ ಯಾವ ಕಾರ್ಯ ನಡೆದಿದೆ ಮೇಡಂ? ಸಾಹಿತ್ಯ ಸಮ್ಮೇಳನದಲ್ಲೇ ಜನ ಬಾಡೂಟ ಕೇಳಿದ್ರು. ಇವಳು ನೋಡಿದ್ರೆ ನಮ್ಮ ಊಟನೇ ತಪ್ಪು ಅಂತಾಳೆ" ಅಂದರು. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ಎದ್ದ ಆ ಗಲಾಟೆ ನೆನಪಿರುವವರಿಗೆ, ಮಗಳ ಮಾತು ಅವರಿಗೆ ಎಲ್ಲಿ ನಾಟಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ವಾದ ಮಾಡುತ್ತಿದ್ದ ಅಪ್ಪ ಇದ್ದಕ್ಕಿದ್ದಂತೆ ಮಾತು ತಡವರಿಸಿದರು. ಫ್ಯಾನ್ ಜೋರಾಗಿ ಓಡುತ್ತಿದ್ದರೂ ಹಣೆಯಲ್ಲಿ ಬೆವರು. ಹಿಡಿದ ನೀರಿನ ಲೋಟ ಗಡಗಡ ಅಲುಗುತ್ತಿತ್ತು. ಅವರ ಹೆಂಡತಿ ತಕ್ಷಣ ಬ್ಯಾಗಿನಿಂದ ಮೀಟರ್ ತೆಗೆದು ಬೆರಳು ಚುಚ್ಚಿದರು. 58. ಶುಗರ್ 70ಕ್ಕಿಂತ ಇಳಿದರೆ ಕೂಡಲೇ ಏನಾದರೂ ಸಿಹಿ ಕೊಡಬೇಕು. ನಾನು ಟೀಗೆ ಇಟ್ಟಿದ್ದ ಸಕ್ಕರೆಯಲ್ಲಿ ಮೂರು ಚಮಚ ನೀರಿಗೆ ಹಾಕಿ ಕಲಸಿ ಕೊಟ್ಟೆ. ಅವರು ಕೈ ಅಡ್ಡ ಹಿಡಿದರು. "ಬೇಡ ಮೇಡಂ, ಕಾರ್ಬ್ ಅದು."

ಸಕ್ಕರೆ ಜಿಲ್ಲೆಯ ಮನುಷ್ಯನಿಗೆ ಒಂದು ಲೋಟ ಸಕ್ಕರೆ ನೀರು ಕುಡಿಸೋಕೆ ಮೂರು ಜನ ಬೇಡಿಕೊಂಡೆವು. ಕಾಲು ಗಂಟೆ ಬಿಟ್ಟು ಮತ್ತೆ ನೋಡಿದಾಗ ಶುಗರ್ ಏರಿತ್ತು, ಅವರೂ ಸರಿಹೋಗಿದ್ದರು. ಆಗ ನಾನು ಕೇಳಿದ್ದು ಒಂದೇ ಪ್ರಶ್ನೆ. ಮುದ್ದೆ ಬಿಟ್ಟಿದ್ದು ಡಾಕ್ಟರಿಗೆ ಗೊತ್ತಾ?

ಗೊತ್ತಿರಲಿಲ್ಲ. "ಹೇಳಿದ್ರೆ ಬೈತಾರೆ. ಮೂರು ತಿಂಗಳ ರಿಪೋರ್ಟ್ ಬರಲಿ, ಅದನ್ನೇ ಮುಂದೆ ಇಟ್ಟು ಎಲ್ಲರ ಬಾಯಿ ಮುಚ್ಚಿಸೋಣ ಅಂತ ಇದ್ದೆ" ಅಂದರು. ಅಷ್ಟು ಹೊತ್ತು ಸುಮ್ಮನಿದ್ದ ಹೆಂಡತಿ ಆಗ ಬಾಯಿ ತೆಗೆದರು. "ರಿಪೋರ್ಟ್ ಬರೋ ಹೊತ್ತಿಗೆ ನೀವಿರಬೇಕಲ್ಲ?"

ಅಪ್ಪ ತಗೊಳ್ಳುತ್ತಿದ್ದ ಶುಗರ್ ಮಾತ್ರೆಗಳು ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್. ಗ್ಲಿಮೆಪಿರೈಡ್ ನೀವು ಊಟ ಮಾಡಿದ್ದೀರೋ ಇಲ್ಲವೋ ನೋಡುವುದಿಲ್ಲ, ಇನ್ಸುಲಿನ್ ಸುರಿಯುವಂತೆ ಮಾಡುತ್ತದೆ. ಡಾಕ್ಟರ್ ಡೋಸ್ ಬರೆದಾಗ ಇವರು ಮಧ್ಯಾಹ್ನ ಎರಡು ಮುದ್ದೆ, ಮೇಲೊಂದಿಷ್ಟು ಅನ್ನ ಉಣ್ಣುತ್ತಿದ್ದರು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ರಾಗಿ ಶುಗರ್‌ಗೆ ಒಳ್ಳೆಯದು ಅಂತ ಲೆಕ್ಕವಿಲ್ಲದೆ ಉಣ್ಣುವವರು ಇದನ್ನು ಮರೆಯುತ್ತಾರೆ. ಮುದ್ದೆ ಹೋಯಿತು, ಮಾತ್ರೆ ಹಾಗೇ ಉಳಿಯಿತು. 58 ಬಂದಿದ್ದು ಅದಕ್ಕೇ.

ಅವತ್ತು ನಾನು ಅವರಿಗೆ ಲೋ ಕಾರ್ಬ್ ಬಿಡಿ ಅನ್ನಲಿಲ್ಲ. ಈಗಲೇ ಇಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳುವ ತನಕ ಮಧ್ಯಾಹ್ನ ಮೊದಲಿನ ಥರ ಉಣ್ಣಿ, ಮಾತ್ರೆ ನೀವಾಗಿ ನಿಲ್ಲಿಸಬೇಡಿ ಅಂದೆ. ಇಂದಿನಿಂದ ಏನು ತಿಂದಿರಿ, ಶುಗರ್ ಎಷ್ಟು ಬಂತು, ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದು ಡಾಕ್ಟರ ಮೇಜಿನ ಮೇಲಿಡಿ ಅಂದೆ.

ಇದನ್ನು ಕೇಳಿ ಸಹೋದ್ಯೋಗಿಯೊಬ್ಬರು ನನಗೆ ಬುದ್ಧಿ ಹೇಳಿದರು. ಡಯಟ್ ನಿಲ್ಲಿಸಿ ಅಂತ ಖಡಕ್ಕಾಗಿ ಹೇಳಬೇಕಿತ್ತಂತೆ. ನಾನು ಒಪ್ಪುವುದಿಲ್ಲ. ಒಂದು, ಆ ಮನುಷ್ಯನ ಮಾತಿನಲ್ಲಿ ಹುರುಳಿತ್ತು. ದೇಶದಲ್ಲಿ ಶುಗರ್ ಕಾಯಿಲೆ ಬಗ್ಗೆ ನಡೆದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ ಪ್ರಕಾರ ನಮ್ಮ ಜನಕ್ಕೆ ಸಿಗುವ ಕ್ಯಾಲೊರಿಯಲ್ಲಿ ಸುಮಾರು 62 ಪರ್ಸೆಂಟ್ ಕಾರ್ಬೋಹೈಡ್ರೇಟಿನದೇ. ಅದು ಇಳಿದರೆ ಶುಗರ್ ಇಳಿಯುತ್ತದೆ. ಇನ್ನೊಂದು, ಬೇಡ ಅಂದಿದ್ದರೆ ಅವರು ನನ್ನಿಂದಲೂ ಮುಚ್ಚಿಡುತ್ತಿದ್ದರು. ಡಾಕ್ಟರ್ ಬೈಯುತ್ತಾರೆ ಅನ್ನುವ ಭಯಕ್ಕೇ ಅವರು ಈ ಸ್ಥಿತಿಗೆ ಬಂದಿದ್ದು. ಅದರ ಜೊತೆಗೆ ನಾನೂ ಒಂದು ಭಯ ಸೇರಿಸಬೇಕಿತ್ತಾ?

ಅಪ್ಪ ಮಗಳಿಬ್ಬರಿಗೂ ಅಮೆರಿಕದ ಒಂದು ಪ್ರಯೋಗದ ಕಥೆ ಹೇಳಿದೆ. ಕೆವಿನ್ ಹಾಲ್ ಅನ್ನುವವರ ತಂಡ ಮಾಡಿ 2021ರಲ್ಲಿ ಪ್ರಕಟಿಸಿದ್ದು. ಶುಗರ್ ಇಲ್ಲದ 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು, ಎರಡು ವಾರ ಕೊಬ್ಬು ಕಡಿಮೆಯ ಸಸ್ಯಾಹಾರ, ಎರಡು ವಾರ ಮಾಂಸ ಜಾಸ್ತಿಯ ಕೀಟೊ ಊಟ, ಅಂದರೆ ಕಾರ್ಬ್ ತೀರಾ ಕಮ್ಮಿ, ಕೊಬ್ಬು ಜಾಸ್ತಿ ಇರುವ ಊಟ ಕೊಟ್ಟರು. ಎಷ್ಟು ಬೇಕಾದರೂ ತಿನ್ನಬಹುದಿತ್ತು. ಸಸ್ಯಾಹಾರದಲ್ಲಿ ದಿನಕ್ಕೆ 550ರಿಂದ 700 ಕ್ಯಾಲೊರಿ ಕಡಿಮೆ ತಿಂದರು. ರಕ್ತದ ಸಕ್ಕರೆ ಮಾತ್ರ ಕೀಟೊದಲ್ಲೇ ಕಡಿಮೆ ಇತ್ತು. ಮಗಳು ಮೊದಲರ್ಧ ಕೇಳಿ ತಲೆ ಆಡಿಸಿದಳು, ಅಪ್ಪ ಎರಡನೇ ಅರ್ಧಕ್ಕೆ. ನಾನು ನಕ್ಕುಬಿಟ್ಟೆ.

ಮಗಳಿಗೆ ಹೇಳಿದ್ದು ವಿಟಮಿನ್ ಬಿ12 ಬಗ್ಗೆ. ಸೊಪ್ಪು ತರಕಾರಿ ಕಾಳುಗಳಲ್ಲಿ ಅದು ಸಿಗುವುದಿಲ್ಲ. ಹಾಲೂ ಬಿಟ್ಟ ಮೇಲೆ ಮಾತ್ರೆಯೇ ಬೇಕು, ಒಮ್ಮೆ ರಕ್ತ ಪರೀಕ್ಷೆ ಮಾಡಿಸು ಅಂದೆ. ತಮಾಷೆ ಅಂದರೆ, ತುಂಬಾ ವರ್ಷ ಮೆಟ್‌ಫಾರ್ಮಿನ್ ತಗೊಂಡವರಲ್ಲೂ ಬಿ12 ಕಡಿಮೆಯಾಗುತ್ತದೆ. ಇಬ್ಬರೂ ಒಂದೇ ಪರೀಕ್ಷೆ ಬರೆಸಿಕೊಂಡು ಹೋದರು.

ಅಮ್ಮನಿಗೆ ನಾನು ಹೇಳುವ ಮೊದಲೇ ಅವರು ದಾರಿ ಕಂಡುಕೊಂಡಿದ್ದರು. ವಾರದಲ್ಲಿ ನಾಲ್ಕು ದಿನ ಬಸ್ಸಾರು. ಕಾಳು ಸೊಪ್ಪು ಬೇಯಿಸಿ ಬಸಿದರೆ ಕಟ್ಟು ಸಾರಿಗೆ, ಉಳಿದಿದ್ದು ಪಲ್ಯಕ್ಕೆ. ಒಗ್ಗರಣೆಗೆ ಎಣ್ಣೆ. ಮಗಳಿಗೆ ಎಲ್ಲವೂ ಆಗುತ್ತದೆ. ಅಪ್ಪನಿಗೆ ಪಲ್ಯ ಜಾಸ್ತಿ, ಜೊತೆಗೆ ಬೇಯಿಸಿದ ಮೊಟ್ಟೆ. ಬಾಡು ಭಾನುವಾರಕ್ಕೆ.

ಓದುವವರಲ್ಲೂ ಯಾರಾದರೂ ಹೀಗೆ ಗುಟ್ಟಾಗಿ ಡಯಟ್ ಮಾಡುತ್ತಿರಬಹುದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ಇದ್ದರೆ ಊಟ ಬದಲಿಸುವ ಮೊದಲೇ ಡಾಕ್ಟರಿಗೆ ಹೇಳಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನುವ ಶುಗರ್ ಮಾತ್ರೆ ತಗೊಳ್ಳುವವರು ಇನ್ನೂ ಹುಷಾರಾಗಿರಬೇಕು. ಅದರ ಜೊತೆ ಕಾರ್ಬ್ ತೀರಾ ಕಮ್ಮಿ ಮಾಡಿದರೆ, ಮೀಟರಿನಲ್ಲಿ ಶುಗರ್ ಅಷ್ಟೇನೂ ಏರದೆಯೇ ರಕ್ತದಲ್ಲಿ ಆಮ್ಲ ಏರಿ ಜೀವಕ್ಕೇ ಕುತ್ತು ಬರಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಮನೆಯಲ್ಲಿ ಕೂರಬೇಡಿ, ಆಸ್ಪತ್ರೆಗೆ ಓಡಿ. ಬಿಪಿ ಮಾತ್ರೆ ಇದ್ದರೂ ಹೇಳಿ, ತೂಕ ಇಳಿದಂತೆ ಬಿಪಿಯೂ ಇಳಿಯಬಹುದು.

ಡಾಕ್ಟರ್ ಬೈದರಂತೆ. ಬೈದು ಗ್ಲಿಮೆಪಿರೈಡ್ ಅರ್ಧಕ್ಕೆ ಇಳಿಸಿದರಂತೆ. ಅಪ್ಪ ಈಗ ಮಧ್ಯಾಹ್ನ ಒಂದು ಸಣ್ಣ ಮುದ್ದೆ ಉಣ್ಣುತ್ತಾರೆ. ಮಗಳು ವೀಗನ್ ಆಗೇ ಇದ್ದಾಳೆ, ಬಿ12 ಮಾತ್ರೆ ತಗೊಳ್ಳುತ್ತಾಳೆ. ಅದನ್ನು ಅಪ್ಪ ಸಿಕ್ಕವರಿಗೆಲ್ಲ ತಮ್ಮ ಗೆಲುವು ಅಂತಲೇ ಹೇಳಿಕೊಂಡು ಓಡಾಡುತ್ತಿದ್ದಾರೆ.